ತೀರ್ಪುಗಳಲ್ಲಿ ಪ್ರಮಾಣೋಲ್ಲೇಖ

೧

ನ್ಯಾಯಾಲಯದ ತೀರ್ಪನ್ನು ಗದ್ಯದ ಒಂದು ಪ್ರಕಾರವೆಂದು ಭಾವಿಸಿ ವಿಮರ್ಶಿಸುವ ರೂಢಿ ಕನ್ನಡದಲ್ಲಿ ಇನ್ನೂ ಬೇರೂರಿಲ್ಲ. ಕಾವ್ಯಕ್ಕೆ, ಶಾಸನಕ್ಕೆ, ವಚನಕ್ಕೆ ದೊರೆತಿರುವ ಸೂಕ್ಷ್ಮ ಪರಿಶೀಲನೆ ತೀರ್ಪಿಗೆ ದೊರೆತಿಲ್ಲ. ಅದು ವಕೀಲರ ಕಪಾಟಿನ ಸೊತ್ತೆಂದು ಸಾಮಾನ್ಯ ವಾಚಕರು ದೂರವಿಟ್ಟಿದ್ದಾರೆ. ಆದರೆ ಮನುಷ್ಯನ ಆಸ್ತಿ, ಸ್ವಾತಂತ್ರ್ಯ, ಕೆಲವೊಮ್ಮೆ ಪ್ರಾಣವೂ ಯಾವ ಬರೆಹವನ್ನು ಆಶ್ರಯಿಸಿರುವುವೋ ಆ ಬರೆಹದ ರಚನಾಕ್ರಮವು ವಕೀಲರಿಗೆ ಮಾತ್ರ ಸಂಬಂಧಿಸಿದ ವಿಷಯವಾಗಲಾರದು.

ಆ ರಚನಾಕ್ರಮದ ಮುಖ್ಯ ಅಂಗವೆಂದರೆ ಪ್ರಮಾಣೋಲ್ಲೇಖ. ಎಂದರೆ, ಮೇಲ್ಮನವಿಯನ್ನು ಕೇಳುವ ನ್ಯಾಯಾಧೀಶನು ತನ್ನ ನಿರ್ಣಯಕ್ಕೆ ಆಧಾರವಾಗಿ ಹಿಂದಿನ ನಿರ್ಣಯಗಳನ್ನೂ ಗ್ರಂಥಗಳನ್ನೂ ಎತ್ತಿ ಹೇಳುವುದು. ಕೆಳಗಿನ ನ್ಯಾಯಾಲಯದಲ್ಲಿ ಬಹುಮಟ್ಟಿಗೆ ಸಾಕ್ಷಿಗಳ ಮಾತೇ ಪ್ರಧಾನ. ಮೇಲ್ಮನವಿಯಲ್ಲಿ ಸಾಕ್ಷಿಗಳು ಹಿಂದೆ ಸರಿದು ಗ್ರಂಥಗಳು ಮುಂದೆ ಬರುತ್ತವೆ. ಅಲ್ಲಿ ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡುವ ಪದ್ಧತಿಯುಂಟು. ಇಲ್ಲಿ ಉಲ್ಲೇಖಿತವಾದ ಗ್ರಂಥವನ್ನು ಪಾಟೀಸವಾಲಿಗೆ ಒಡ್ಡುವವರು ಯಾರು? ನ್ಯಾಯಾಧೀಶನೇ ಆ ಕೆಲಸವನ್ನೂ ಮಾಡಬೇಕು. ಮಾಡದೆ ಹೋದರೆ ಪ್ರಶ್ನೆಗೊಳಗಾಗದ ಸಾಕ್ಷಿಯ ಮೇಲೆ ತೀರ್ಪು ಕೊಟ್ಟಂತೆಯೇ ಆಗುತ್ತದೆ.

ಪೂರ್ವನಿರ್ಣಯವೊಂದನ್ನು ಉಲ್ಲೇಖಿಸುವಾಗ ಅದರ ಉತ್ತರವನ್ನು ಮಾತ್ರ ತಂದರೆ ಸಾಲದು. ಯಾವ ಪ್ರಶ್ನೆಗೆ ಅದು ಉತ್ತರವಾಗಿತ್ತೋ ಆ ಪ್ರಶ್ನೆಯನ್ನೂ ಜೊತೆಗೆ ತರಬೇಕು. ಪ್ರಶ್ನೆಯಿಂದ ಬೇರ್ಪಟ್ಟ ಉತ್ತರವು ಎಲ್ಲಿ ಬೇಕಾದರೂ ಅಂಟಿಕೊಳ್ಳುವ ಸ್ವಭಾವವುಳ್ಳದ್ದು. ಭಾರತದ ಸರ್ವೋಚ್ಚ ನ್ಯಾಯಾಲಯದಲ್ಲಿ ಖಾಸಗಿ ಬಾಳಿನ ಹಕ್ಕಿನ ವಿಚಾರವು ೧೯೫೪ರಿಂದ ೨೦೧೭ರವರೆಗೆ ನಡೆದುಬಂದ ದಾರಿಯನ್ನು ಪರಿಶೀಲಿಸಿದರೆ ಈ ಮಾತಿನ ಸತ್ಯವು ಮನದಟ್ಟಾಗುವುದು. ಅದಕ್ಕೆ ಮೊದಲು ಈ ವಿವೇಕವು ನಮ್ಮ ನಾಡಿಗೆ ಹೊಸದೇನೂ ಅಲ್ಲವೆಂಬುದನ್ನು ನೆನೆಯುವುದು ಉಚಿತ.

೨

ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ ೧೦೭೬ರಿಂದ ೧೧೨೬ರವರೆಗಿನ ಅರ್ಧಶತಮಾನದಲ್ಲಿ, ರಾಜಧಾನಿಯಾಗಿತ್ತು. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದದ್ದು ಅಲ್ಲಿಯೇ. ಬಂಗಾಲ ಮುಂತಾದ ಕೆಲವು ಪ್ರದೇಶಗಳನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ದಾಯಭಾಗದ ವ್ಯಾಜ್ಯಗಳಿಗೆ ಈ ಗ್ರಂಥವೇ ಶತಮಾನಗಳವರೆಗೆ ಆಧಾರವಾಗಿತ್ತೆಂಬುದು ಸರ್ವವಿದಿತ. ಆದರೆ ಈ ಗ್ರಂಥವನ್ನು ಉಲ್ಲೇಖಿಸಿದವರ ಗಮನ ಅದು ಕೊಟ್ಟ ನಿಯಮಗಳ ಮೇಲೆ ಹರಿದಷ್ಟು, ಅದು ತನಗೆ ಹಿಂದಿನ ಪ್ರಮಾಣಗಳನ್ನು ಉಲ್ಲೇಖಿಸುವ ರೀತಿಯ ಮೇಲೆ ಹರಿದಿಲ್ಲ.

ಗಂಡುಸಂತಾನವಿಲ್ಲದೆ ಮೃತನಾದವನ ಆಸ್ತಿಯು ಅವನ ಹೆಂಡತಿಗೆ ಸಲ್ಲುವುದೇ ಎಂಬ ಪ್ರಶ್ನೆಯನ್ನು ನೋಡಬಹುದು. ಯಾಜ್ಞವಲ್ಕ್ಯನು ಅಂಥವನ ವಾರಸುದಾರರ ಪಟ್ಟಿಯಲ್ಲಿ ಪತ್ನಿಗೆ ಮೊದಲ ಸ್ಥಾನವನ್ನು ಕೊಟ್ಟಿದ್ದಾನೆ. ನಾರದನ ಮಾತಾದರೋ, ಮಕ್ಕಳಿಲ್ಲದೆ ಸತ್ತವನ ಧನವನ್ನು ಅವನ ಸೋದರರು ಹಂಚಿಕೊಂಡು, ಅವನ ಸ್ತ್ರೀಯರಿಗೆ ಜೀವನಾಂಶವನ್ನು ಮಾತ್ರ ಕೊಡಬೇಕೆಂದು ವಿಧಿಸುವಂತೆ ತೋರುತ್ತದೆ. ಎರಡೂ ಋಷಿವಾಕ್ಯಗಳು, ಎರಡೂ ಪ್ರಮಾಣಗಳು. ಎಣಿಕೆಯಿಂದಲೋ ಹಿರಿತನದಿಂದಲೋ ಒಂದನ್ನು ಗೆಲ್ಲಿಸಿ ಇನ್ನೊಂದನ್ನು ಸೋಲಿಸುವುದು ಸುಲಭದ ಮಾರ್ಗ. ವಿಜ್ಞಾನೇಶ್ವರನು ಆ ಮಾರ್ಗವನ್ನು ಹಿಡಿಯಲಿಲ್ಲ. ನಾರದನು ಯಾವ ಸಂದರ್ಭವನ್ನು ಕಣ್ಣಮುಂದಿಟ್ಟುಕೊಂಡು ಮಾತನಾಡುತ್ತಿದ್ದಾನೆಂದು ಆತನು ಕೇಳುತ್ತಾನೆ. ಒಮ್ಮೆ ವಿಭಾಗವಾಗಿ ಮತ್ತೆ ಒಂದುಗೂಡಿದ ಸೋದರರ ಪ್ರಕರಣದಲ್ಲಿ ಆ ಮಾತು ಬಂದಿದೆ. ಆದುದರಿಂದ ವಿಭಕ್ತನಾಗಿ ಬೇರೆಯೇ ಉಳಿದು ಸತ್ತವನ ಪತ್ನಿಗೆ ಅದು ಅಡ್ಡಿಯಾಗದು ಎಂದು ನಿರ್ಣಯಿಸುತ್ತಾನೆ. ನಿಯೋಗಕ್ಕೆ ಒಪ್ಪುವ ಪತ್ನಿಗೆ ಮಾತ್ರ ಆಸ್ತಿಯೆಂದು ಧಾರೇಶ್ವರನು ಹೇಳಿದ್ದ ಸಮಾಧಾನವನ್ನು ಆತನು ಮುಚ್ಚಿಡುವುದಿಲ್ಲ. ಅದನ್ನು ಪೂರ್ವಪಕ್ಷವಾಗಿ ನಿಲ್ಲಿಸಿ, ಕಾರಣಗಳನ್ನು ಕೊಟ್ಟು ನಿರಾಕರಿಸುತ್ತಾನೆ.

ಈ ಕ್ರಮಕ್ಕೆ ಶಾಸ್ತ್ರಕಾರರು ವಿಷಯವ್ಯವಸ್ಥೆಯೆಂದು ಹೆಸರಿಟ್ಟಿದ್ದಾರೆ. ಪರಸ್ಪರ ವಿರುದ್ಧವೆಂದು ತೋರುವ ವಚನಗಳಲ್ಲಿ ಒಂದೊಂದಕ್ಕೂ ಅದರದರ ಎಲ್ಲೆಯನ್ನು ಗುರುತಿಸಿ ಕೊಡುವುದೇ ವಿಷಯವ್ಯವಸ್ಥೆ. ಇದರೊಂದಿಗೆ ಮೀಮಾಂಸಕರು ಕಲಿಸಿದ ಇನ್ನೊಂದು ವಿವೇಕವೂ ಉಂಟು. ವಿಧಿವಾಕ್ಯ ಬೇರೆ, ಅರ್ಥವಾದ ಬೇರೆ. ಕರ್ತವ್ಯವನ್ನು ಗೊತ್ತುಪಡಿಸುವ ವಾಕ್ಯವು ವಿಧಿ. ಅದನ್ನು ಹೊಗಳುವ, ವಿವರಿಸುವ, ಮನಸ್ಸಿಗೆ ಹಿಡಿಸುವ ವಾಕ್ಯವು ಅರ್ಥವಾದ. ಅರ್ಥವಾದವು ವಿಧಿಯ ನೆರಳಿನಲ್ಲಿ ಬಾಳುತ್ತದೆ. ತಾನೇ ವಿಧಿಯಾಗಿ ಆಳಲಾರದು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಮೇಲೆ ವಿಧವೆಯ ಹಕ್ಕಿನ ಆ ಹಳೆಯ ವಾದಕ್ಕೆ ವ್ಯಾವಹಾರಿಕ ಪ್ರಯೋಜನವು ಬಹುಮಟ್ಟಿಗೆ ಮುಗಿದಿದೆ. ಪ್ರಮಾಣವನ್ನು ಓದುವ ಆ ಕ್ರಮದ ಪ್ರಯೋಜನವು ಮುಗಿದಿಲ್ಲ.

೩

ಬ್ರಿಟಿಷರ ಆಳಿಕೆಯಲ್ಲಿ ಪ್ರಮಾಣೋಲ್ಲೇಖದ ಸ್ವರೂಪವೇ ಬದಲಾಯಿತು. ಮೊದಮೊದಲು ಹಿಂದೂ ಧರ್ಮಶಾಸ್ತ್ರದ ಪ್ರಶ್ನೆ ಬಂದಾಗ ನ್ಯಾಯಾಧೀಶನು ತನ್ನ ನ್ಯಾಯಾಲಯದ ಪಂಡಿತನನ್ನು ಕೇಳುತ್ತಿದ್ದನು. ೧೮೧೦ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರೆಯ ದಾಯವಿಭಾಗವನ್ನೂ ಜೀಮೂತವಾಹನನ ದಾಯಭಾಗವನ್ನೂ ಇಂಗ್ಲಿಷಿಗೆ ತಂದನು. ಪಂಡಿತನನ್ನು ಕೇಳಬೇಕಾದ ಅಗತ್ಯ ಕ್ರಮೇಣ ತಗ್ಗಿ, ೧೮೬೪ರಲ್ಲಿ ಆ ಹುದ್ದೆಯೇ ರದ್ದಾಯಿತು. ನಾಲ್ಕು ವರ್ಷಗಳ ತರುವಾಯ, ೧೮೬೮ರಲ್ಲಿ, ರಾಮನಾಡಿನ ಜಮೀನ್ದಾರಿಗೆ ಸಂಬಂಧಿಸಿದ ಮದುರೆಯ ಕಲೆಕ್ಟರನ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು ತನ್ನ ಧೋರಣೆಯನ್ನು ಸ್ಪಷ್ಟಪಡಿಸಿತು. ಒಂದು ಸಿದ್ಧಾಂತವು ಅತಿ ಪ್ರಾಚೀನ ಗ್ರಂಥಗಳಿಂದ ನ್ಯಾಯವಾಗಿ ಹೊರಡುವುದೇ ಎಂದು ವಿಚಾರಿಸುವುದಕ್ಕಿಂತ, ಆಯಾ ಪ್ರದೇಶದ ಸಂಪ್ರದಾಯವು ಅದನ್ನು ಅಂಗೀಕರಿಸಿದೆಯೇ, ರೂಢಿಯು ಅದನ್ನು ಸಮರ್ಥಿಸಿದೆಯೇ ಎಂದು ನೋಡುವುದೇ ನ್ಯಾಯಾಧೀಶನ ಕರ್ತವ್ಯ. ರೂಢಿಯು ಸ್ಪಷ್ಟವಾಗಿ ಸಿದ್ಧಪಟ್ಟರೆ ಅದು ಲಿಖಿತ ವಚನವನ್ನು ಮೀರುತ್ತದೆ ಎಂಬುದು ಆ ತೀರ್ಪಿನ ಅಭಿಪ್ರಾಯ.

ಈ ಧೋರಣೆಯಲ್ಲಿ ವಿವೇಕವಿಲ್ಲದಿಲ್ಲ. ಜೀವಂತ ಸಮಾಜದ ಮೇಲೆ ಮೃತ ಗ್ರಂಥವನ್ನು ಹೇರಬಾರದೆಂಬ ಎಚ್ಚರವು ಅದರಲ್ಲಿದೆ. ಆದರೆ ತತ್ಪರಿಣಾಮವಾಗಿ ಮೂಲವಚನದ ಸ್ಥಾನದಲ್ಲಿ ನ್ಯಾಯಾಲಯದ ಹಿಂದಿನ ತೀರ್ಪೇ ಬಂದು ಕುಳಿತಿತು. ೧೮೭೬ರಿಂದ ಇಂಡಿಯನ್ ಲಾ ರಿಪೋರ್ಟ್ಸ್ ಮಾಲೆಯು ಪ್ರಕಟವಾಗತೊಡಗಿದಮೇಲೆ ಹೈಕೋರ್ಟುಗಳ ತೀರ್ಪುಗಳು ಕ್ರಮವಾಗಿ ಅಚ್ಚಾಗಿ ಊರೂರಿನ ವಕೀಲರ ಕೈಸೇರಿದವು. ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ಹೈಕೋರ್ಟಿಗೆ ಅಪೀಲು ಒಯ್ಯಬೇಕಾಗಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಕ್ಷಿದಾರರಿಗೆ, ಕಲ್ಯಾಣದಲ್ಲಿ ಹುಟ್ಟಿದ ಗ್ರಂಥವು ಲಂಡನ್ನಿನ ತೀರ್ಪಿನ ಮೂಲಕ ಮುಂಬಯಿಯಲ್ಲಿ ಅನ್ವಯವಾಗುವ ವಿಚಿತ್ರ ಯೋಗವು ಒದಗಿತ್ತು.

೧೯೪೯ರಲ್ಲಿ ಪ್ರಿವಿ ಕೌನ್ಸಿಲಿನ ಅಧಿಕಾರವು ಕೊನೆಗೊಂಡಿತು. ೧೯೫೦ರ ಸಂವಿಧಾನವು ತನ್ನ ೧೪೧ನೆಯ ಅನುಚ್ಛೇದದಲ್ಲಿ, ಸರ್ವೋಚ್ಚ ನ್ಯಾಯಾಲಯವು ಘೋಷಿಸಿದ ಕಾನೂನು ಭಾರತದ ಎಲ್ಲ ನ್ಯಾಯಾಲಯಗಳನ್ನೂ ಬಂಧಿಸುವುದೆಂದು ವಿಧಿಸಿತು. ೧೯೫೫ರ ಬೆಂಗಾಲ್ ಇಮ್ಯೂನಿಟಿ ಕಂಪೆನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತನ್ನ ಹಿಂದಿನ ನಿರ್ಣಯಗಳಿಂದ ತಾನು ಬಿಡಿಸಲಾಗದಂತೆ ಬದ್ಧವಲ್ಲವೆಂದು ಸಾರಿತು. ಆದರೂ ಕಡಮೆ ಸಂಖ್ಯೆಯ ಪೀಠವು ಹೆಚ್ಚು ಸಂಖ್ಯೆಯ ಪೀಠದ ಮಾತನ್ನು ಮೀರಬಾರದೆಂಬ ಶಿಸ್ತು ಅಲ್ಲಿ ನೆಲೆಗೊಂಡಿದೆ. ಹೀಗಿರಲಾಗಿ, ಹಿಂದಿನ ಪೀಠವು ನಿಜವಾಗಿ ಘೋಷಿಸಿದ್ದೇನು ಎಂಬ ಪ್ರಶ್ನೆಯೇ ಎಲ್ಲದರ ಕೀಲಕವಾಗುತ್ತದೆ.

ಈ ಪ್ರಶ್ನೆಗೆ ಉತ್ತರವಾಗಿ ಸರ್ವೋಚ್ಚ ನ್ಯಾಯಾಲಯವು ಮೇಲಿಂದ ಮೇಲೆ ನೆನೆಯುವ ಸೂತ್ರವನ್ನು ಹೇಳಿದವರು ದಕ್ಷಿಣ ಕನ್ನಡದವರಾದ ನ್ಯಾಯಮೂರ್ತಿ ಕೌಡೂರು ಸದಾನಂದ ಹೆಗ್ಡೆಯವರು. ೧೯೬೮ರಲ್ಲಿ ವರದಿಯಾದ, ಒಡಿಶಾ ಸರಕಾರ ಮತ್ತು ಸುಧಾಂಶು ಶೇಖರ ಮಿಶ್ರರ ನಡುವಿನ ಮೊಕದ್ದಮೆಯಲ್ಲಿ ಅವರು, ಒಂದು ತೀರ್ಪು ತಾನು ವಾಸ್ತವವಾಗಿ ನಿರ್ಣಯಿಸಿದ ಅಂಶಕ್ಕೆ ಮಾತ್ರ ಪ್ರಮಾಣ. ಅದರಲ್ಲಿ ಬರುವ ಪ್ರತಿಯೊಂದು ಮಾತೂ ಪ್ರಮಾಣವಲ್ಲ, ಆ ಮಾತುಗಳಿಂದ ತರ್ಕಬಲದಿಂದ ಹೊರಡಿಸಬಹುದಾದದ್ದೂ ಪ್ರಮಾಣವಲ್ಲ ಎಂದು ಸ್ಪಷ್ಟಪಡಿಸಿದರು. ಇಂಗ್ಲೆಂಡಿನ ಲಾರ್ಡ್ ಹಾಲ್ಸ್‌ಬರಿಯು ೧೯೦೧ರ ಕ್ವಿನ್ ಮತ್ತು ಲೆಥೆಮ್ ಮೊಕದ್ದಮೆಯಲ್ಲಿ ಆಡಿದ ಮಾತು ಇದಕ್ಕೆ ಆಧಾರ. ಆದರೆ ವಿಷಯವ್ಯವಸ್ಥೆಯನ್ನೂ ವಿಧಿ–ಅರ್ಥವಾದಗಳ ಭೇದವನ್ನೂ ಬಲ್ಲ ವಾಚಕನಿಗೆ ಇದು ಪರಕೀಯವೆನಿಸದು. ನಿರ್ಣಯಾಧಾರವೇ ವಿಧಿ, ಪ್ರಾಸಂಗಿಕೋಕ್ತಿಯೇ ಅರ್ಥವಾದ. ಈ ಹೋಲಿಕೆ ಎಲ್ಲ ವಿವರಗಳಲ್ಲಿಯೂ ಕೂಡಿಬರದು. ಪ್ರಮಾಣವನ್ನು ಅದರ ಎಲ್ಲೆಯೊಳಗೆ ನಿಲ್ಲಿಸಬೇಕೆಂಬ ಮೂಲ ಕಾಳಜಿ ಮಾತ್ರ ಎರಡರಲ್ಲಿಯೂ ಒಂದೇ.

೪

ಸೂತ್ರವನ್ನು ಹೇಳುವುದು ಬೇರೆ, ಪಾಲಿಸುವುದು ಬೇರೆ. ಖಾಸಗಿ ಬಾಳಿನ ಹಕ್ಕಿನ ಇತಿಹಾಸವು ಇದಕ್ಕೆ ಸಾಕ್ಷಿ.

೧೯೫೪ರ ಎಂ. ಪಿ. ಶರ್ಮಾ ಮೊಕದ್ದಮೆಯು ಎಂಟು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದಿತ್ತು. ಒಂದು ಕಂಪೆನಿಯ ವ್ಯವಹಾರಗಳ ತನಿಖೆಯಲ್ಲಿ ಪೋಲೀಸರು ದಸ್ತಾವೇಜುಗಳನ್ನು ಶೋಧಿಸಿ ವಶಪಡಿಸಿಕೊಂಡಿದ್ದರು. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಬಾರದೆಂಬ ೨೦ನೆಯ ಅನುಚ್ಛೇದದ ರಕ್ಷಣೆಯನ್ನು ಇಂಥ ಶೋಧನೆ ಭಂಗಪಡಿಸುವುದೇ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆ. ಇಲ್ಲವೆಂಬುದು ಉತ್ತರ. ಆ ಉತ್ತರವನ್ನು ಕೊಡುವಾಗ ನ್ಯಾಯಮೂರ್ತಿ ಜಗನ್ನಾಥದಾಸರು, ಅಮೆರಿಕದ ನಾಲ್ಕನೆಯ ತಿದ್ದುಪಡಿಗೆ ಸಮನಾದ ಖಾಸಗಿತನದ ಹಕ್ಕನ್ನು ನಮ್ಮ ಸಂವಿಧಾನಕರ್ತರು ಅಂಗೀಕರಿಸಿಲ್ಲವಾದುದರಿಂದ ಅದನ್ನು ಬೇರೊಂದು ಹಕ್ಕಿನೊಳಗೆ ತಂದು ಸೇರಿಸಲು ಕಾರಣವಿಲ್ಲವೆಂದು ಒಂದು ಮಾತನ್ನು ಆಡಿದರು. ಪ್ರಾಣ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ೨೧ನೆಯ ಅನುಚ್ಛೇದವು ಅಲ್ಲಿ ಚರ್ಚೆಗೆ ಬಂದಿರಲೇ ಇಲ್ಲ.

೧೯೬೨ರ ಡಿಸೆಂಬರಿನಲ್ಲಿ ಖಡಕ್ ಸಿಂಗನ ಮೊಕದ್ದಮೆ ತೀರ್ಮಾನವಾಯಿತು. ದರೋಡೆಯ ಆಪಾದನೆಗೆ ಒಳಗಾಗಿ, ಸಾಕ್ಷ್ಯ ಸಾಲದೆ ಬಿಡುಗಡೆಯಾಗಿದ್ದ ಅವನ ಮೇಲೆ ಉತ್ತರಪ್ರದೇಶದ ಪೋಲೀಸರು ಕಣ್ಣಿಟ್ಟು, ರಾತ್ರಿಹೊತ್ತು ಮನೆಯ ಬಾಗಿಲು ಬಡಿಯುತ್ತಿದ್ದರು. ಆರು ನ್ಯಾಯಮೂರ್ತಿಗಳ ಪೀಠದಲ್ಲಿ ಬಹುಮತದ ಪರವಾಗಿ ರಾಜಗೋಪಾಲ ಅಯ್ಯಂಗಾರರು ಬರೆದ ತೀರ್ಪು ಪ್ರಮಾಣೋಲ್ಲೇಖದ ಅಭ್ಯಾಸಿಗೆ ಒಂದು ಅಪೂರ್ವ ಪಾಠ. ರಾತ್ರಿಯ ಮನೆಭೇಟಿಯನ್ನು ರದ್ದುಪಡಿಸುವಾಗ ಅದು, ಪ್ರತಿಯೊಬ್ಬನ ಮನೆಯೂ ಅವನಿಗೆ ಕೋಟೆಯೆಂದು ಸಾರಿದ ಇಂಗ್ಲೆಂಡಿನ ಸೆಮೇನನ ಹಳೆಯ ಮೊಕದ್ದಮೆಯನ್ನು ನೆನೆಯುತ್ತದೆ. ಪೋಲೀಸರ ಅತಿಕ್ರಮದಿಂದ ಖಾಸಗಿ ಬಾಳನ್ನು ರಕ್ಷಿಸುವುದು ಸ್ವತಂತ್ರ ಸಮಾಜದ ಬುಡಕಟ್ಟಿನ ತತ್ತ್ವವೆಂದು ನ್ಯಾಯಮೂರ್ತಿ ಫ್ರಾಂಕ್‌ಫರ್ಟರರು ೧೯೪೯ರ ವುಲ್ಫ್ ಮತ್ತು ಕೊಲೊರಾಡೊ ಮೊಕದ್ದಮೆಯಲ್ಲಿ ಬರೆದುದನ್ನು ಎತ್ತಿ ಹೇಳುತ್ತದೆ. ಕೆಲವು ಪುಟಗಳ ತರುವಾಯ, ಉಳಿದ ಕಣ್ಗಾವಲನ್ನು ಎತ್ತಿಹಿಡಿಯುವಾಗ, ಖಾಸಗಿತನದ ಹಕ್ಕು ನಮ್ಮ ಸಂವಿಧಾನದಲ್ಲಿ ಇಲ್ಲವೆನ್ನುತ್ತದೆ. ಹಾಗಾದರೆ ಮೊದಲಿನ ಉಲ್ಲೇಖಗಳು ಅಲ್ಲಿಗೆ ಬಂದದ್ದೇಕೆ? ಎರವಲು ತಂದ ತತ್ತ್ವವು ಒಂದು ಪುಟದಲ್ಲಿ ಆಧಾರವಾಗಿ ಇನ್ನೊಂದು ಪುಟದಲ್ಲಿ ಅತಿಥಿಯಾಗಿ ನಿಂತಿತು. ನ್ಯಾಯಮೂರ್ತಿ ಸುಬ್ಬರಾಯರು, ನ್ಯಾಯಮೂರ್ತಿ ಶಾ ಅವರೊಡನೆ, ಭಿನ್ನಮತವನ್ನು ಬರೆದು ಖಾಸಗಿ ಬಾಳು ವೈಯಕ್ತಿಕ ಸ್ವಾತಂತ್ರ್ಯದ ಅವಶ್ಯ ಅಂಗವೆಂದರು. ಆ ಭಿನ್ನಮತದಲ್ಲಿ ಉಲ್ಲೇಖಕ್ಕೂ ನಿರ್ಣಯಕ್ಕೂ ಇಂಥ ಬಿರುಕಿಲ್ಲ.

ಮೂರನೆಯ ಘಟ್ಟ ೧೯೭೫ರ ಗೋವಿಂದನ ಮೊಕದ್ದಮೆ. ಇದೂ ಪೋಲೀಸ್ ಕಣ್ಗಾವಲಿನದೇ, ಪ್ರಾಂತ ಮಧ್ಯಪ್ರದೇಶ, ಪೀಠ ಮೂವರದು. ನ್ಯಾಯಮೂರ್ತಿ ಮ್ಯಾಥ್ಯೂ ಅವರು ಅಮೆರಿಕದ ೧೯೬೫ರ ಗ್ರಿಸ್‌ವೋಲ್ಡ್ ಮತ್ತು ೧೯೭೩ರ ರೋ ತೀರ್ಪುಗಳನ್ನು ವಿಸ್ತಾರವಾಗಿ ಪರಿಶೀಲಿಸಿದರು. ಆದರೆ ಅವರ ನಿರ್ಣಯದ ವಾಕ್ಯವು ಒಂದು ಊಹೆಯ ಮೇಲೆ ನಿಂತಿದೆ. ಖಾಸಗಿತನವು ಮೂಲಭೂತ ಹಕ್ಕೆಂದು ಇಟ್ಟುಕೊಂಡರೂ, ಬಲವತ್ತರವಾದ ಸಾರ್ವಜನಿಕ ಹಿತದ ಮುಂದೆ ಅದು ಮಿತಿಗೊಳಪಡಬೇಕೆಂಬುದು ಅದರ ಹುರುಳು. ಪೋಲೀಸರ ನಿಯಮಗಳನ್ನು ಪೀಠವು ರದ್ದುಗೊಳಿಸಲಿಲ್ಲ. ಅಂದಮೇಲೆ ಗೋವಿಂದನ ತೀರ್ಪು ಯಾವುದಕ್ಕೆ ಪ್ರಮಾಣ? ಹೆಗ್ಡೆಯವರ ಸೂತ್ರದಂತೆ ನೋಡಿದರೆ, ಹಕ್ಕಿದೆಯೆಂಬುದಕ್ಕೆ ಅದು ಪ್ರಮಾಣವಾಗಲಾರದು. ಹಕ್ಕಿದ್ದರೆ ಅದಕ್ಕೆ ಮಿತಿಯುಂಟು ಎಂಬುದಕ್ಕೆ ಮಾತ್ರ ಪ್ರಮಾಣವಾದೀತು.

ಮುಂದೆ ನಡೆದುದೇ ಬೇರೆ. ೧೯೯೪ರಲ್ಲಿ ಮದರಾಸಿನ ತಮಿಳು ಪತ್ರಿಕೆಯೊಂದು ಸೆರೆಯಲ್ಲಿದ್ದ ಕೊಲೆಗಾರನೊಬ್ಬನ ಆತ್ಮಕಥೆಯನ್ನು ಪ್ರಕಟಿಸಲು ಹೊರಟಾಗ ಉದ್ಭವಿಸಿದ ರಾಜಗೋಪಾಲರ ಮೊಕದ್ದಮೆಯಲ್ಲಿ ಇಬ್ಬರ ಪೀಠವು, ಖಾಸಗಿತನವು ೨೧ನೆಯ ಅನುಚ್ಛೇದದಲ್ಲಿ ಅಂತರ್ಗತವೆಂದಿತು. ೧೯೯೬ರ ಡಿಸೆಂಬರಿನಲ್ಲಿ, ದೂರವಾಣಿಯ ಕದ್ದಾಲಿಕೆಯನ್ನು ಕುರಿತ ಮೊಕದ್ದಮೆಯಲ್ಲಿ, ಇಬ್ಬರ ಇನ್ನೊಂದು ಪೀಠವು ಹಿಂಜರಿಕೆಯಿಲ್ಲದೆ ಅದನ್ನೇ ಸಾರಿತು. ಎರಡೂ ತೀರ್ಪುಗಳ ಹಿಂದೆ ಗೋವಿಂದನ ತೀರ್ಪು ನಿಂತಿದೆ. ‘ಇಟ್ಟುಕೊಂಡರೆ’ ಎಂಬ ಪದವು ಉಲ್ಲೇಖದಿಂದ ಉಲ್ಲೇಖಕ್ಕೆ ಸಾಗುವಾಗ ಸವೆದುಹೋಗಿ, ಊಹೆಯು ಸಿದ್ಧಾಂತದ ಸ್ಥಾನಕ್ಕೆ ಏರಿತು.

ಫಲವು ಒಳ್ಳೆಯದಾಯಿತಲ್ಲ, ಆಕ್ಷೇಪವೇತಕ್ಕೆ ಎಂದು ಕೇಳಬಹುದು. ಆ ಫಲದ ಬುಡ ಎಷ್ಟು ಸಡಿಲವಾಗಿತ್ತೆಂಬುದು ೨೦೧೫ರಲ್ಲಿ ಗೊತ್ತಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿದ್ದರು. ಕೇಂದ್ರ ಸರಕಾರದ ಪರವಾಗಿ ಅಟಾರ್ನಿ ಜನರಲ್ಲರು, ಎಂಟು ಮತ್ತು ಆರು ನ್ಯಾಯಮೂರ್ತಿಗಳು ಇಲ್ಲವೆಂದ ಹಕ್ಕನ್ನು ಇಬ್ಬರು ಮೂವರ ಪೀಠಗಳು ಉಂಟೆಂದರೆ ಸಿಂಧುವಾಗದು ಎಂದು ವಾದಿಸಿದರು. ಇಪ್ಪತ್ತು ವರ್ಷಗಳಿಂದ ಇದೆಯೆಂದು ಜನರು ನಂಬಿದ್ದ ಹಕ್ಕು ಇದೆಯೋ ಇಲ್ಲವೋ ಎಂಬುದೇ ಪ್ರಶ್ನೆಯಾಗಿ ಹಿರಿಯ ಪೀಠಕ್ಕೆ ಹೋಗಬೇಕಾಯಿತು. ಎರಡು ಕಡೆಯ ಉಲ್ಲೇಖಗಳಿಗೂ ಒಂದೇ ದೋಷವಿತ್ತೆಂಬುದು ಗಮನಾರ್ಹ. ಒಂದು ಕಡೆ ಶರ್ಮಾ ಮೊಕದ್ದಮೆಯ ಪ್ರಾಸಂಗಿಕ ಮಾತು ವಿಧಿಯಾಗಿತ್ತು. ಇನ್ನೊಂದು ಕಡೆ ಗೋವಿಂದನ ಮೊಕದ್ದಮೆಯ ಊಹೆಯು ವಿಧಿಯಾಗಿತ್ತು.

೫

ಎಲ್ಲೆ ಮೀರಿದ ಉಲ್ಲೇಖದಿಂದ ಒಳಿತಾದದ್ದೂ ಉಂಟೆನ್ನುವವರು ಅದರಿಂದ ಕೇಡಾದ ಸಂದರ್ಭವನ್ನೂ ನೋಡಬೇಕು. ೧೯೭೬ರ ಏಪ್ರಿಲ್ ೨೮ರಂದು ಸರ್ವೋಚ್ಚ ನ್ಯಾಯಾಲಯವು ಜಬಲಪುರದ ಮೊಕದ್ದಮೆಯೆಂದು ಪ್ರಸಿದ್ಧವಾದ ಹೇಬಿಯಸ್ ಕಾರ್ಪಸ್ ಪ್ರಕರಣದಲ್ಲಿ ತೀರ್ಪಿತ್ತಿತು. ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಬಂಧಿತರಾದವರು ನ್ಯಾಯಾಲಯದ ಬಾಗಿಲು ತಟ್ಟಬಹುದೇ ಎಂಬುದು ಪ್ರಶ್ನೆ. ಕರ್ನಾಟಕ ಹೈಕೋರ್ಟು ಸೇರಿ ಒಂಬತ್ತು ಹೈಕೋರ್ಟುಗಳು ತಟ್ಟಬಹುದೆಂದಿದ್ದವು. ಐವರ ಪೀಠದಲ್ಲಿ ನಾಲ್ವರು ಕೂಡದೆಂದರು.

ಬಹುಮತದ ಅಭಿಪ್ರಾಯಗಳಲ್ಲಿ ಇಂಗ್ಲೆಂಡಿನ ಯುದ್ಧಕಾಲದ ಲಿವರ್‌ಸಿಜ್ ಮತ್ತು ಆಂಡರ್ಸನ್ ತೀರ್ಪಿಗೆ ಗೌರವದ ಸ್ಥಾನ ದೊರೆಯಿತು. ಆದರೆ ೧೯೪೧ರ ಆ ಮೊಕದ್ದಮೆಯಲ್ಲಿ ಕೇಳಿದ ಪ್ರಶ್ನೆಯೇನು? ಬಂಧನಕ್ಕೆ ಸಕಾರಣವಿದೆಯೆಂಬ ಗೃಹಮಂತ್ರಿಯ ನಂಬಿಕೆಯನ್ನು ನ್ಯಾಯಾಲಯವು ಒರೆಗೆ ಹಚ್ಚಬಹುದೇ ಎಂಬುದಷ್ಟೆ. ನ್ಯಾಯಾಲಯದ ಬಾಗಿಲು ಬಂಧಿತನಿಗೆ ಮುಚ್ಚಿದೆಯೇ ಎಂಬ ಪ್ರಶ್ನೆ ಅಲ್ಲಿರಲಿಲ್ಲ. ಬಾಗಿಲು ತೆರೆದೇ ಇದ್ದಿತು, ಬಂಧಿತನು ಒಳಗೆ ಬಂದು ಪರಿಹಾರದ ದಾವೆಯನ್ನೇ ಹೂಡಿದ್ದನು. ಆ ತೀರ್ಪಿನೊಂದಿಗೆ ಹುಟ್ಟಿದ ಲಾರ್ಡ್ ಆಟ್ಕಿನರ ಭಿನ್ನಮತವು ಕಾಲಕ್ರಮದಲ್ಲಿ ಬಹುಮತಕ್ಕಿಂತ ಹೆಚ್ಚಿನ ಮನ್ನಣೆಯನ್ನು ಗಳಿಸಿತ್ತು. ೧೯೬೩ರಲ್ಲಿ ರಿಡ್ಜ್ ಮತ್ತು ಬಾಲ್ಡ್ವಿನ್ ಮೊಕದ್ದಮೆಯಲ್ಲಿ ಲಾರ್ಡ್ ರೀಡರು ಲಿವರ್‌ಸಿಜ್ ನಿರ್ಣಯವನ್ನು ತೀರ ವಿಚಿತ್ರವಾದುದೆಂದು ಬದಿಗೆ ಸರಿಸಿದ್ದರು. ಹುಟ್ಟಿದ ಮನೆಯಲ್ಲಿಯೇ ಮಾನವನ್ನು ಕಳೆದುಕೊಂಡಿದ್ದ ಪ್ರಮಾಣವು ಹದಿಮೂರು ವರ್ಷಗಳ ಮೇಲೆ ದಿಲ್ಲಿಯಲ್ಲಿ ಮಾನ್ಯ ಅತಿಥಿಯಾಯಿತು.

ಏಕೈಕ ಭಿನ್ನಮತವನ್ನು ಬರೆದ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರೂ ಪೂರ್ವಪ್ರಮಾಣಗಳನ್ನು ಧಾರಾಳವಾಗಿಯೇ ಉಲ್ಲೇಖಿಸಿದ್ದಾರೆ. ಎರಡೂ ಕಡೆ ಗ್ರಂಥಗಳಿಗೆ ಕೊರತೆಯಿರಲಿಲ್ಲ. ಭೇದವಿದ್ದುದು ಓದಿನಲ್ಲಿ. ೧೯೬೨ರ ರಾಷ್ಟ್ರಪತಿಯ ಆಜ್ಞೆಯನ್ನು ಕುರಿತು ೧೯೬೪ರ ಮಖನ್ ಸಿಂಗನ ತೀರ್ಪಿನಲ್ಲಿ ಗಜೇಂದ್ರಗಡಕರರು, ಕಾಯಿದೆಯ ಷರತ್ತುಗಳನ್ನು ಮೀರಿದ ಅಥವಾ ದುರುದ್ದೇಶದಿಂದ ಕೂಡಿದ ಬಂಧನವನ್ನು ಪ್ರಶ್ನಿಸಲು ಅವಕಾಶವುಂಟೆಂದಿದ್ದರು. ೧೯೭೫ರ ಆಜ್ಞೆಯಲ್ಲಿ ಹಿಂದಿನ ಆಜ್ಞೆಯ ಷರತ್ತು ಇಲ್ಲವೆಂದು ಬಹುಮತವು ಆ ತೀರ್ಪನ್ನು ಪ್ರತ್ಯೇಕಿಸಿತು. ಇಲ್ಲಿ ಒಂದು ವಿಪರ್ಯಾಸ ಕಾಣುತ್ತದೆ. ಪ್ರಜೆಗೆ ಅನುಕೂಲವಾದ ಸ್ವದೇಶದ ತೀರ್ಪಿನ ಎಲ್ಲೆಯನ್ನು ಕೂದಲು ಸೀಳಿದಂತೆ ಅಳೆದ ಕೈಯೇ, ಪ್ರಭುತ್ವಕ್ಕೆ ಅನುಕೂಲವಾದ ಪರದೇಶದ ತೀರ್ಪಿನ ಎಲ್ಲೆಯನ್ನು ಅಳೆಯದೆ ಬಿಟ್ಟಿತು. ವಿಷಯವ್ಯವಸ್ಥೆಯು ಎರಡು ಪಕ್ಷಗಳಿಗೂ ಒಂದೇ ಅಳತೆಗೋಲಾಗದಿದ್ದಲ್ಲಿ ಅದು ಕೇವಲ ವಕೀಲಿಯಾಗುತ್ತದೆ.

೬

೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳು ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಆರು ಪ್ರತ್ಯೇಕ ಅಭಿಪ್ರಾಯಗಳು, ಒಟ್ಟು ೫೪೭ ಪುಟಗಳು. ಅದರ ನಿಜವಾದ ಗುಣವು ಈ ಗಾತ್ರದಲ್ಲಿಲ್ಲ. ಆ ಪೀಠವು ಹಳೆಯ ತೀರ್ಪುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಅವುಗಳ ಪ್ರಶ್ನೆಯನ್ನು ಮರಳಿ ಕೇಳಿತು. ಶರ್ಮಾ ಮೊಕದ್ದಮೆ ನಿರ್ಣಯಿಸಿದ್ದು ಸ್ವಸಾಕ್ಷ್ಯದ ಪ್ರಶ್ನೆಯನ್ನೆಂದು ಗುರುತಿಸಿತು. ಖಡಕ್ ಸಿಂಗನ ತೀರ್ಪಿನ ಎರಡು ಭಾಗಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ತೋರಿಸಿತು. ತನಗೆ ಅನುಕೂಲವಾಗಬಹುದಾಗಿದ್ದ ಗೋವಿಂದನ ತೀರ್ಪು ಊಹೆಯ ಮೇಲೆ ನಡೆದುದೆಂಬುದನ್ನೂ ಮುಚ್ಚಿಡಲಿಲ್ಲ. ಮೂಲಭೂತ ಹಕ್ಕುಗಳು ಪ್ರತ್ಯೇಕ ಪ್ರತ್ಯೇಕ ಕೋಣೆಗಳೆಂಬ ೧೯೫೦ರ ಗೋಪಾಲನ್ ತೀರ್ಪಿನ ಭಾವನೆಯು ೧೯೭೦ರ ಬ್ಯಾಂಕ್ ರಾಷ್ಟ್ರೀಕರಣದ ತೀರ್ಪಿನಿಂದಲೂ ೧೯೭೮ರ ಮೇನಕಾ ಗಾಂಧಿಯವರ ತೀರ್ಪಿನಿಂದಲೂ ಕುಸಿದಿರುವಾಗ, ಅದನ್ನು ಆಶ್ರಯಿಸಿದ್ದ ಹಳೆಯ ಮಾತುಗಳು ನಿಲ್ಲಲಾರವೆಂದು ನಿರ್ಣಯಿಸಿತು. ಜಬಲಪುರದ ಬಹುಮತವನ್ನೂ ಅಸಿಂಧುಗೊಳಿಸಿತು. ಆ ಬಹುಮತದಲ್ಲಿ ತಂದೆ ವೈ. ವಿ. ಚಂದ್ರಚೂಡರಿದ್ದರು, ಅಸಿಂಧುಗೊಳಿಸಿದ ಪ್ರಧಾನ ಅಭಿಪ್ರಾಯವನ್ನು ಬರೆದವರು ಮಗ ಡಿ. ವೈ. ಚಂದ್ರಚೂಡರು. ಸುಬ್ಬರಾಯರ ಮತ್ತು ಖನ್ನಾ ಅವರ ಭಿನ್ನಮತಗಳು, ಒಂದು ಐವತ್ತೈದು, ಇನ್ನೊಂದು ನಲವತ್ತು ವರ್ಷಗಳಷ್ಟು ಕಾದು, ಪ್ರಮಾಣಗಳಾದವು.

ಹಾಗೆಂದು ಈ ತೀರ್ಪು ನಿರ್ದುಷ್ಟವೆನ್ನಲಾಗದು. ತತ್ತ್ವಜ್ಞರು, ಪರದೇಶದ ನ್ಯಾಯಾಲಯಗಳು, ಪ್ರಬಂಧಕಾರರು ಮುಂತಾದವರ ಉಲ್ಲೇಖಗಳು ಕೆಲವೆಡೆ ಜಾತ್ರೆಯಂತೆ ನೆರೆದಿವೆ. ಆರು ಅಭಿಪ್ರಾಯಗಳಲ್ಲಿ ಒಂದೇ ಮೂಲದಿಂದ ಹೊರಟ ಹಲವು ಕವಲುಗಳಿವೆ. ಹಕ್ಕಿನ ಮಿತಿಯನ್ನು ಅಳೆಯುವ ಪರೀಕ್ಷೆ ಯಾವುದೆಂಬುದರಲ್ಲಿ ಎಲ್ಲ ಅಭಿಪ್ರಾಯಗಳೂ ಒಂದೇ ಮಾತನ್ನು ಆಡುವುದಿಲ್ಲ. ಮುಂದಿನ ಪೀಠಗಳು ಇವುಗಳಲ್ಲಿ ತಮಗೆ ಬೇಕಾದ ವಾಕ್ಯವನ್ನು ಆಯ್ದುಕೊಳ್ಳುವ ಅಪಾಯವು ಇದ್ದೇ ಇದೆ. ಇನ್ನು ಪರದೇಶದ ಪ್ರಮಾಣಗಳ ಆಯುಷ್ಯವೂ ನಮ್ಮ ಕೈಯಲ್ಲಿಲ್ಲ. ಗೋವಿಂದನ ತೀರ್ಪು ವಿಸ್ತಾರವಾಗಿ ಚರ್ಚಿಸಿದ್ದ ರೋ ನಿರ್ಣಯವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ ೨೦೨೨ರ ಜೂನಿನಲ್ಲಿ ಡಾಬ್ಸ್ ಮೊಕದ್ದಮೆಯಲ್ಲಿ ತೆಗೆದುಹಾಕಿತು. ಅಲ್ಲಿಯ ಕಂಬ ಬಿದ್ದುದರಿಂದ ಇಲ್ಲಿಯ ಸೂರು ಬೀಳಲಿಲ್ಲವಾದರೆ, ಅದಕ್ಕೆ ಕಾರಣ ೨೦೧೭ರ ಪೀಠವು ಹಕ್ಕನ್ನು ನಮ್ಮ ಸಂವಿಧಾನದ ಮಾತುಗಳಲ್ಲಿಯೇ ಊರಿದ್ದು.

೭

ಪ್ರತಿಯೊಂದು ಪೂರ್ವನಿರ್ಣಯದ ಹಿನ್ನೆಲೆಯನ್ನೂ ಹೀಗೆ ಶೋಧಿಸುತ್ತ ಕುಳಿತರೆ, ಬೆಟ್ಟದಂತೆ ರಾಶಿಬಿದ್ದಿರುವ ಮೊಕದ್ದಮೆಗಳು ಎಂದಿಗೆ ಮುಗಿದಾವು ಎಂಬ ಆಕ್ಷೇಪವು ಸಹಜ. ಅದರಲ್ಲಿ ತಥ್ಯವೂ ಉಂಟು. ಆದರೆ ಉಪಾಯವು ಉಲ್ಲೇಖಗಳನ್ನು ಹೆಚ್ಚಿಸುವುದರಲ್ಲಿಲ್ಲ, ಕಡಮೆ ಮಾಡುವುದರಲ್ಲಿದೆ. ಪ್ರಶ್ನೆಸಹಿತವಾಗಿ ಓದಿದ ಎರಡು ಪ್ರಮಾಣಗಳು ಹೆಸರು ಮಾತ್ರ ಹೇಳಿ ಸಾಲಾಗಿ ನಿಲ್ಲಿಸಿದ ಇಪ್ಪತ್ತಕ್ಕಿಂತ ಹೆಚ್ಚಿನ ಭಾರವನ್ನು ಹೊರಬಲ್ಲವು. ನಿರ್ವಿವಾದವಾದ ಸಂಗತಿಗೆ ಪ್ರಮಾಣವೇ ಬೇಡ. ವಿವಾದಾಸ್ಪದವಾದ ಸಂಗತಿಗೆ, ತನಗೆ ಪ್ರತಿಕೂಲವಾದ ಪ್ರಮಾಣವನ್ನು ಮೊದಲು ಹೇಳಿ, ಅದು ಏಕೆ ಅನ್ವಯಿಸದೆಂದು ತೋರಿಸಿದ ತೀರ್ಪನ್ನು ಸೋತ ಕಕ್ಷಿದಾರನೂ ಗೌರವಿಸುತ್ತಾನೆ. ಧಾರೇಶ್ವರನನ್ನು ಮುಚ್ಚಿಡದೆ ಮುಂದಿಟ್ಟ ವಿಜ್ಞಾನೇಶ್ವರನ ಬಲವು ಅದೇ ಆಗಿತ್ತು.

ಇತ್ತೀಚೆಗೆ ಈ ಪ್ರಶ್ನೆಗೆ ಇನ್ನೊಂದು ಮುಖವು ಸೇರಿದೆ. ೨೦೨೩ರಲ್ಲಿ ನ್ಯೂಯಾರ್ಕಿನ ಒಂದು ಫೆಡರಲ್ ನ್ಯಾಯಾಲಯದಲ್ಲಿ ವಕೀಲರು ಗಣಕಯಂತ್ರವು ಹೆಣೆದುಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳನ್ನು ಪ್ರಮಾಣಗಳೆಂದು ಸಲ್ಲಿಸಿ ಐದು ಸಾವಿರ ಡಾಲರು ದಂಡ ತೆತ್ತರು. ಇದು ಅಪಾಯವೇ ಸರಿ. ಆದರೂ ಇಲ್ಲದ ತೀರ್ಪಿನ ಉಲ್ಲೇಖವನ್ನು ಪತ್ತೆಮಾಡುವುದು ಕಷ್ಟವಲ್ಲ. ವರದಿಯ ಸಂಪುಟವನ್ನು ತೆರೆದರೆ ಆ ಪುಟವೇ ಇರುವುದಿಲ್ಲ. ಇರುವ ತೀರ್ಪನ್ನು ಅದು ಹೇಳದ ಮಾತಿಗೆ ಪ್ರಮಾಣವಾಗಿ ನಿಲ್ಲಿಸಿದಾಗ ಪುಟವೂ ಇರುತ್ತದೆ, ವಾಕ್ಯವೂ ಇರುತ್ತದೆ. ಪ್ರಶ್ನೆಯೊಂದು ಮಾತ್ರ ಕಾಣೆಯಾಗಿರುತ್ತದೆ. ಈ ಎರಡನೆಯ ಬಗೆಯ ದೋಷವನ್ನು ಯಂತ್ರವು ಹುಟ್ಟುವ ಎಷ್ಟೋ ಮೊದಲೇ ಮನುಷ್ಯರು ರೂಢಿಸಿಕೊಂಡಿದ್ದರು. ಅದನ್ನು ಹಿಡಿಯಲು ಸಾವಧಾನವಾದ ಓದಿನ ಹೊರತು ಬೇರೆ ಸಾಧನವಿಲ್ಲ.

ಆದುದರಿಂದ ಕನ್ನಡ ವಿಮರ್ಶೆಯು ಈ ಕಡೆಗೂ ದೃಷ್ಟಿ ಹಾಯಿಸುವುದು ಅವಶ್ಯ. ಶಾಸನಪಾಠವನ್ನು ಪರಿಶೋಧಿಸುವ ವಿದ್ವಾಂಸನು ಒಂದು ಅಕ್ಷರ ಸವೆದಿದ್ದರೂ ಅದನ್ನು ಗುರುತಿಸಿ ತೋರಿಸುತ್ತಾನೆ. ಗೋವಿಂದನ ತೀರ್ಪಿನಲ್ಲಿ ಸವೆದುಹೋದದ್ದು ಒಂದು ಇಡೀ ಷರತ್ತು. ಅದನ್ನು ಗಮನಿಸಿ ಸರಿಪಡಿಸಲು ಒಂಬತ್ತು ನ್ಯಾಯಮೂರ್ತಿಗಳ ಪೀಠವೇ ಕೂಡಬೇಕಾಯಿತು. ತೀರ್ಪುಗಳು ಕನ್ನಡದಲ್ಲಿಯೂ ಓದಲು ಸಿಗತೊಡಗಿರುವ ಈ ಕಾಲದಲ್ಲಿ ಶಾಸನ ಓದುವ ಕಣ್ಣು ತೀರ್ಪಿನ ಮೇಲೂ ಬೀಳಬೇಕಾಗಿದೆ.